ಭೇದಿ ಉಪ್ಪಿನ ಊರು

ಹೋದ ವಾರ ಮಸ್ಕತ್ತಿನ ಖುರುಮ್‌ನ ಒಂದು ದೊಡ್ಡ ಅಂಗಡಿಯಲ್ಲಿ, ಸೋಪು ಶಾಂಪೂ ಇಡುವ ಸಾಲಿನಲ್ಲಿ, ಒಂದು ಚಂದದ ಪ್ಯಾಕೆಟ್ ಕಣ್ಣಿಗೆ ಬಿತ್ತು. ನೇರಳೆ ಹೂವಿನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಎಪ್ಸಮ್ ಸಾಲ್ಟ್. ಬಿಸಿನೀರಿಗೆ ಹಾಕಿ ಕಾಲು ಇಳಿಬಿಟ್ಟರೆ ಹಿಮ್ಮಡಿ ನೋವು ಹೋಗುತ್ತದೆ ಅಂತ ಗೆಳತಿಯೊಬ್ಬಳು ಹೇಳಿದ್ದಳು, ಅದಕ್ಕೇ ಹುಡುಕಿಕೊಂಡು ಹೋದದ್ದು. ಕೈಗೆ ತೆಗೆದುಕೊಂಡೆ... ಅಲ್ಲೇ ಇಟ್ಟು ಬಂದೆ. ಹಿಮ್ಮಡಿ ನೋವು ಇದ್ದರೆ ಇರಲಿ ಮಾರಾಯ್ರೆ, ಆ ಉಪ್ಪು ನನ್ನ ಮನೆಯೊಳಗೆ ಬರುವುದು ಬೇಡ.

ಪುತ್ತೂರಿನ ನಮ್ಮ ಅಜ್ಜಿ ಇದಕ್ಕೆ ಭೇದಿ ಉಪ್ಪು ಅನ್ನುತ್ತಿದ್ದರು. ಹೊಟ್ಟೆ ಕಟ್ಟಿದವರಿಗೆ ನೀರಲ್ಲಿ ಕದಡಿ ಕುಡಿಸುವ ಕಹಿ ಉಪ್ಪು. ಎಪ್ಸಮ್ ಅಂದರೆ ಇಂಗ್ಲೆಂಡಿನ ಒಂದು ಊರು ಅಂತ ನನಗೆ ಹೇಳಿದವರು ಇಲ್ಲೇ ದಾರ್ಸೈಟ್‌ನಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದ ಕುದುರೆ ಮಾಸ್ಟ್ರು. ಆ ಹೆಸರು ಇಟ್ಟದ್ದು ನಾನೇ. ಮೈಸೂರಿನವರು, ಚಿಕ್ಕಂದಿನಲ್ಲೇ ರೇಸ್ ಕೋರ್ಸಿನ ಲಾಯ ಸೇರಿ ಜಾಕಿಯಾದವರು. ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಸ್ಕತ್ತಿಗೆ ಬಂದು, ಬರ್ಕಾ ಕಡೆ ಒಬ್ಬ ಒಮಾನಿಯ ಲಾಯದಲ್ಲಿ ಸವಾರಿ ಕಲಿಸುತ್ತಿದ್ದರು. ಆಳು ನನ್ನ ಹೆಗಲಿನಷ್ಟಕ್ಕೂ ಇರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಓದುತ್ತಿದ್ದಳು.

ಪ್ರತಿ ಶುಕ್ರವಾರ ಸಂಜೆ ನಮ್ಮವರ ಜೊತೆ ಕಾಫಿಗೆ ಬಂದು ಕೂರುತ್ತಿದ್ದರು. ಕೂತರೆ ಎಪ್ಸಮ್. ಎದ್ದರೂ ಎಪ್ಸಮ್. ಕಣ್ಣಿಂದ ಒಮ್ಮೆಯೂ ಕಾಣದ ಆ ಊರಿನ ಚರಿತ್ರೆಯನ್ನು ಅರೆದು ಕುಡಿದಿದ್ದರು. ಅವರು ಹೇಳುತ್ತಿದ್ದ ಕಥೆ ಹೀಗೆ. ಒಂದು ಬರಗಾಲದಲ್ಲಿ ಅಲ್ಲಿಯ ದನ ಕಾಯುವವನೊಬ್ಬ ನೀರಿನ ಹೊಂಡ ಕಂಡ. ದನಗಳು ಮೂಸಿ ನೋಡಿ ಹಿಂದೆ ಸರಿದವು. ದನಕ್ಕಿದ್ದ ಬುದ್ಧಿ ಮನುಷ್ಯರಿಗೆ ಎಲ್ಲಿಂದ ಬರಬೇಕು? ಅವರು ಕುಡಿದರು. ಹೊಟ್ಟೆ ಖಾಲಿಯಾಗಿ ಮೈ ಹಗುರ ಆಯಿತು ಅಂತ ಸುದ್ದಿ ಹಬ್ಬಿ, ಲಂಡನ್ನಿನ ದೊಡ್ಡ ದೊಡ್ಡವರೆಲ್ಲ ಸಾರೋಟು ಕಟ್ಟಿಕೊಂಡು ಭೇದಿ ಮಾಡಿಕೊಳ್ಳಲಿಕ್ಕೆ ಬಂದರು. ಲೋಟಗಟ್ಟಲೆ ಕುಡಿಯುವುದು, ಪೊದೆಗೆ ಓಡುವುದು, ಪುನಃ ಬಂದು ಕುಡಿಯುವುದು. ನಡುವೆ ಹೊತ್ತು ಹೋಗಬೇಕಲ್ಲ, ಅದಕ್ಕೆ ಗುಡ್ಡದ ಹುಲ್ಲಿನ ಮೇಲೆ ಕುದುರೆ ಓಡಿಸಿದರು. ಆಮೇಲೆ ಆ ಉಪ್ಪು ಪೊಟ್ಟಣ ಕಟ್ಟಿ ಎಲ್ಲ ಕಡೆ ಮಾರಾಟಕ್ಕೆ ಬಂತು, ಬಾವಿ ಯಾರಿಗೂ ಬೇಡವಾಯಿತು, ಕುದುರೆ ಉಳಿಯಿತು. ಇಬ್ಬರು ಶ್ರೀಮಂತರು ನಾಣ್ಯ ಚಿಮ್ಮಿ, ಗೆದ್ದವನ ಹೆಸರನ್ನು ಅಲ್ಲಿಯ ದೊಡ್ಡ ರೇಸಿಗೆ ಇಟ್ಟರಂತೆ. ಅದೇ ಡರ್ಬಿ. "ನಮ್ಮ ಮೈಸೂರ್ ಡರ್ಬಿ, ಬೆಂಗ್ಳೂರ್ ಡರ್ಬಿ ಎಲ್ಲಾ ಅದರ ಮಕ್ಕಳು ಮೇಡಂ," ಅನ್ನುವಾಗ ಅವರ ಕೈ ಎದೆಯ ಮೇಲೆ ಹೋಗುತ್ತಿತ್ತು.

ನಾನು ಮೊದಮೊದಲು ನಗುತ್ತಿದ್ದೆ. ಭೇದಿಯಿಂದ ಹುಟ್ಟಿದ ಊರಿಗೆ ಇಷ್ಟು ಭಕ್ತಿಯಾ ಅಂತ. ಆದರೂ ಸುಳ್ಳು ಯಾಕೆ ಹೇಳಲಿ, ಕಥೆ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಟೇಬಲ್ ಬಟ್ಟೆಯ ಮೇಲೆ ಬೆರಳಲ್ಲೇ ಆ ಊರಿನ ಓಟದ ದಾರಿ ಬರೆಯುತ್ತಿದ್ದರು. ಏರಿ ಹೋಗುವ ದಾರಿ, ಆಮೇಲೆ ಇಳಿಜಾರಿನಲ್ಲೇ ಎಡಕ್ಕೆ ತಿರುಗುವ ಆ ಭಯಂಕರ ತಿರುವು. ಆ ತಿರುವಿನಲ್ಲಿ ಎಷ್ಟೆಷ್ಟೋ ಒಳ್ಳೆ ಕುದುರೆಗಳು ಸೋತವಂತೆ. ನಾನು ಒಗ್ಗರಣೆ ಸೀಯುವುದನ್ನೂ ಮರೆತು ಬಾಗಿಲಲ್ಲಿ ನಿಂತು ಕೇಳಿದ್ದುಂಟು.

ಆ ತಿರುವಿನಲ್ಲಿ ತನ್ನ ಮಗಳು ಕುದುರೆ ಓಡಿಸಬೇಕು. ಇದೊಂದೇ ಅವರ ಆಸೆ. ಅಲ್ಲಿ ಹೆಂಗಸರೂ ಜಾಕಿ ಆಗುತ್ತಾರಂತೆ. ಅರಬ್ಬರ ಸೀಮೆಯಿಂದ ಹೋದ ಗಂಡು ಕುದುರೆಗಳ ರಕ್ತವೇ ಅಲ್ಲಿ ಓಡುವ ಎಲ್ಲ ಕುದುರೆಗಳಲ್ಲೂ ಉಂಟಂತೆ, ಹಾಗಾಗಿ ಇಲ್ಲಿಂದಲೇ ಒಬ್ಬಳು ಹೋಗುವುದು ನ್ಯಾಯವಂತೆ. ಹುಡುಗಿ ಚಂದ ಸವಾರಿ ಮಾಡುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಾಕಿಗೆ ತೂಕ ಇರಬಾರದು. ಆ ಮಗುವಿನ ಊಟ ನೋಡಿದರೆ ನನ್ನ ರಕ್ತ ಕುದಿಯುತ್ತಿತ್ತು. ಬೆಳಿಗ್ಗೆ ಸೌತೆಕಾಯಿ, ಮಧ್ಯಾಹ್ನ ಅರ್ಧ ಖುಬೂಸು ರೊಟ್ಟಿ, ರಾತ್ರಿ ಬಿಸಿನೀರು. ಅದೇ ಮನುಷ್ಯ ಲಾಯದ ಕುದುರೆಗಳಿಗೆ ಅಂತ ಡಿಕ್ಕಿಯಲ್ಲಿ ಕ್ಯಾರೆಟ್ಟು, ಬೆಲ್ಲ, ಖರ್ಜೂರ ತುಂಬಿಸಿಕೊಂಡು ಹೋಗುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ.

ಶುಕ್ರವಾರ ಅವಳು ಓಡಿಸುವ ಓಟ ಇದ್ದರೆ ಗುರುವಾರ ಮಧ್ಯಾಹ್ನ ಸ್ಕೂಲಿಂದ ಬಂದ ಕೂಡಲೇ ಅವಳಿಗೆ ಭೇದಿ ಉಪ್ಪು. ನಮ್ಮ ಎರಡೂ ಮನೆಯ ಬಾತ್‌ರೂಮಿನ ಕಿಂಡಿಗಳು ಒಂದೇ ಶಾಫ್ಟಿಗೆ ತೆರೆದಿದ್ದವು. ಎಲ್ಲ ಕೇಳುತ್ತಿತ್ತು. ಆ ಸಪ್ಪಳದ ನಡುವೆ ಹೊರಗಿನಿಂದ ಅಪ್ಪನ ಮಾತೂ ಕೇಳುತ್ತಿತ್ತು. "ಆಗ್ಲಿ ಪುಟ್ಟಾ, ಪೂರ್ತಿ ಆಗ್ಲಿ." ಏನು ಪ್ರೀತಿಯ ದನಿ ಅಂತೀರಿ. ಆ ಪ್ರೀತಿಯೇ ನನಗೆ ಎಲ್ಲಕ್ಕಿಂತ ಅಸಹ್ಯ. ಬೈದು ಕುಡಿಸಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು. ನಮ್ಮವರಿಗೆ ಹೇಳಿದರೆ, "ಅವರ ಮಗಳು, ಅವರ ಕಸುಬು, ನಮಗ್ಯಾಕೆ?" ಅಂದರು. ಅವರಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ, ನನಗೆ ಇಬ್ಬರ ಪಾಲಿನದೂ ಬರುತ್ತದೆ.

ಒಂದು ವರ್ಷ ರೇಸಿನ ಸೀಸನ್ ಶುರುವಾಗುವ ಮೊದಲಿನ ದಿನಗಳು, ಬಿಸಿಲು ಇನ್ನೂ ಇಳಿದಿರಲಿಲ್ಲ. ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ. ಕೆಳಗೆ ಪಾರ್ಕಿಂಗಿನಲ್ಲಿ ಅವರ ಕಾರು ಸುಡು ಬಿಸಿಲಲ್ಲಿ ನಿಂತಿತ್ತು, ಇಂಜಿನ್ ಆಫ್, ಗಾಜು ಪೂರಾ ಏರಿಸಿತ್ತು. ಒಳಗೆ ಹುಡುಗಿ, ರೈನ್‌ಕೋಟು ತೊಟ್ಟು ಕಂಬಳಿ ಹೊದ್ದು ಕೂತಿದ್ದಳು. ಮಸ್ಕತ್ತಿನಲ್ಲಿ ರೈನ್‌ಕೋಟು ಯಾಕೆ ಅಂತ ಒಂದು ಗಳಿಗೆ ತಲೆಗೇ ಹೋಗಲಿಲ್ಲ. ಆಚೆ ಕಟ್ಟಡದ ನೆರಳಲ್ಲಿ ಮಾಸ್ಟ್ರು ನಿಂತುಕೊಂಡು ಕಾಗದದ ಕಪ್ಪಿನಲ್ಲಿ ಕರಕ್ ಚಹಾ ಕುಡಿಯುತ್ತಿದ್ದರು.

ನಾನು ಮೆಟ್ಟಿಲು ಇಳಿದದ್ದು ನೆನಪಿಲ್ಲ. ಕಾರಿನ ಬಾಗಿಲು ಎಳೆದಾಗ ಮುಖಕ್ಕೆ ಹೊಡೆದ ವಾಸನೆ ನೆನಪುಂಟು... ಬೆವರು, ವಾಂತಿ, ಕಾದ ರಬ್ಬರು. "ಇಟ್ಸ್ ಓಕೆ ಆಂಟಿ, ಇನ್ನು ಸ್ವಲ್ಪವೇ," ಅಂದಳು ಹುಡುಗಿ. ನಾಲಿಗೆ ಒಣಗಿ ಮಾತು ಬಾಯಿಗೆ ಅಂಟುತ್ತಿತ್ತು. ಅವಳನ್ನು ಹೊರಗೆಳೆದು ನೆರಳಿಗೆ ತಂದು ನೀರು ಕುಡಿಸಿದೆ. ಮಾಸ್ಟ್ರು ಓಡಿ ಬಂದರು. ಗಾಬರಿ ಇಲ್ಲ, ನಾಚಿಕೆ ಇಲ್ಲ, ನಾನು ಪಾಠ ಗೊತ್ತಿಲ್ಲದ ಮಗು ಎಂಬಂತೆ ತಾಳ್ಮೆಯಿಂದ ಮಾತಾಡಿದರು. "ಬೆವರು ಹರಿಸಿ ತೂಕ ಇಳ್ಸೋದು ನಮ್ಮ ಕಸುಬಿನ ಪದ್ಧತಿ ಮೇಡಂ. ಹಿಂದೆ ಇಂಗ್ಲೆಂಡಲ್ಲಿ ಜಾಕಿಗಳು ಹಬೆಯಾಡೋ ಲದ್ದಿ ಗುಂಡೀಲಿ ಕತ್ತಿನ ತನಕ ಹೂತ್ಕೊಂಡು ಕೂರ್ತಿದ್ರು. ಚಿಕ್ಕೋನಿದ್ದಾಗ ನನ್ನೂ ಕೂರಿಸಿದಾರೆ."

ಅದನ್ನು ಹೇಳುವಾಗ ಆ ಮುಖದಲ್ಲಿ ಹೆಮ್ಮೆ ಇತ್ತು. ಥೂ. ಇನ್ಯಾರಾದರೂ ಆಗಿದ್ದರೆ ಕನಿಕರ ಪಡುತ್ತಿದ್ದರೋ ಏನೋ, ನಾನು ಪಡಲಿಲ್ಲ. "ನೀವು ಕೂತ್ಕೊಳ್ಳಿ ಮಾಸ್ಟ್ರೇ, ಬೇಕಾದ್ರೆ ಈಗ್ಲೇ ಹೋಗಿ ಕೂತ್ಕೊಳ್ಳಿ. ಇವಳನ್ನು ಇನ್ನೊಂದ್ಸಲ ಈ ಕಾರಲ್ಲಿ ಕೂರಿಸಿದ್ರೆ ಪೊಲೀಸರಿಗೂ ಹೇಳ್ತೇನೆ, ನಿಮ್ಮ ಕಫೀಲ್‌ಗೂ ಹೇಳ್ತೇನೆ. ಖಲಾಸ್," ಅಂದೆ. ವೀಸಾ ಕೊಟ್ಟ ಯಜಮಾನನ ಹೆಸರು ಎತ್ತಿದರೆ ಇಲ್ಲಿ ಎಂಥವನೂ ತಣ್ಣಗಾಗುತ್ತಾನೆ. ಕಾರಿನಲ್ಲಿ ಕೂರಿಸುವುದು ನಿಂತಿತು. ಉಪ್ಪು ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ, ಸ್ಕೂಲ್ ಬಿಟ್ಟು ಬರುವವಳನ್ನು ಮೆಟ್ಟಿಲಲ್ಲೇ ಹಿಡಿದು ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ ಎದುರಿಗಿಡತೊಡಗಿದೆ. ಮೊದಲು, "ನೋ ಆಂಟಿ, ಐ ಆಮ್ ಫುಲ್," ಅನ್ನುತ್ತಿದ್ದಳು. ಆಮೇಲೆ ಸುಮ್ಮನೆ ತಿನ್ನುತ್ತಿದ್ದಳು.

ಮಾಸ್ಟ್ರಿಗೆ ಇದೇನೂ ಗೊತ್ತಾಗಲಿಲ್ಲ. ದಿನಾ ಬೆಳಿಗ್ಗೆ ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಗ್ಗಿ ಮುಳ್ಳು ನೋಡುತ್ತಿದ್ದರು. ಮುಳ್ಳು ಇದ್ದಲ್ಲೇ ಇರುತ್ತಿತ್ತು, ಅವರಿಗೆ ಸಮಾಧಾನ. ಅವಳು ಎತ್ತರ ಆಗುತ್ತಿದ್ದಳು. ಯೂನಿಫಾರ್ಮ್ ಪ್ಯಾಂಟಿನ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟವಳು ನಾನು, ನನಗೆ ಗೊತ್ತಿತ್ತು. ಒಂದೇ ಸೂರಿನ ಕೆಳಗಿದ್ದ ಅಪ್ಪ ತಲೆ ಎತ್ತಿ ನೋಡಿದ್ದರೆ ತಾನೇ.

ಆ ಚಳಿಗಾಲ ಲಾಯದ ಯಜಮಾನರ ಅತಿಥಿಯಾಗಿ ಇಂಗ್ಲೆಂಡಿನ ಒಬ್ಬ ಕುದುರೆ ತರಬೇತುದಾರ ಬಂದ. ಮಾಸ್ಟ್ರು ನಮ್ಮನ್ನೂ ಕರೆದುಕೊಂಡು ಹೋದರು. ಹುಡುಗಿ ಓಡಿಸಿದ್ದನ್ನು ಕಂಡು ನನ್ನ ಎದೆ ಉಬ್ಬಿತು, ಅಷ್ಟು ಚಂದ. ಅವಳು ಇಳಿದು ಬಂದು ಅಪ್ಪನ ಪಕ್ಕ ನಿಂತಳು. ಆ ಮನುಷ್ಯ ಅವಳ ಮಣಿಕಟ್ಟು ನೋಡಿದ, ಪಾದ ನೋಡಿದ. ಚೆನ್ನಾಗಿ ಓಡಿಸುತ್ತಾಳೆ, ಆದರೆ ಈ ಮೂಳೆ ಇನ್ನೂ ಬೆಳೆಯುತ್ತದೆ, ರೇಸಿಗೆ ಆಗುವುದಿಲ್ಲ ಅಂತ ಮೆತ್ತಗೆ ಹೇಳಿದ. ಮಾಸ್ಟ್ರು ಆಗ ಮಗಳ ಕಡೆ ತಿರುಗಿದರು. ಮುಖ ನೋಡಬೇಕಾದರೆ ಕತ್ತು ಎತ್ತಬೇಕಾಯಿತು. ಅವಳು ಅವರಿಗಿಂತ ಎತ್ತರ ಇದ್ದಳು.

ಅಂದಿನಿಂದ ಅವರು ಅವಳ ಜೊತೆ ಮಾತು ಬಿಟ್ಟರು. ಜಗಳ ಅಲ್ಲ, ಸಿಟ್ಟೂ ಅಲ್ಲ. ಅವಳು ಆ ಮನೆಯಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಕಾಲು ಮುರಿದ ಕುದುರೆಗಾದರೂ ಆ ಮನುಷ್ಯ ಕತ್ತು ಸವರುತ್ತಿದ್ದರು. ಪರೀಕ್ಷೆ ಮುಗಿದ ಕೂಡಲೇ ಮೈಸೂರಿಗೆ, ಸೋದರತ್ತೆಯ ಮನೆಗೆ ಕಳಿಸಿಬಿಟ್ಟರು. ಹೊರಡುವ ದಿನ ನಮ್ಮಲ್ಲಿ ಊಟ ಮಾಡಿದಳು. ಎರಡನೇ ಸಲ ಅನ್ನ ಕೇಳಿದಳು. ಪಾತ್ರೆಯಲ್ಲಿದ್ದದ್ದನ್ನೆಲ್ಲ ಬಡಿಸಿದೆ.

ಆಮೇಲೂ ಅವರು ಕೆಲವು ವರ್ಷ ಎದುರುಮನೆಯಲ್ಲೇ ಇದ್ದರು. ಶುಕ್ರವಾರ ಬಂದರೆ ಕಾಫಿ, ಅದೇ ಊರು, ಅದೇ ತಿರುವು. "ಮಗಳು ಹೇಗಿದ್ದಾಳೆ?" ಅಂತ ನಾನೇ ಕೇಳಬೇಕು. "ಓದ್ತಿದಾಳೆ ಮೇಡಂ," ಅಂದು ಪುನಃ ಕುದುರೆಗೆ ಬರುತ್ತಿದ್ದರು. ಅವಳ ಬಗ್ಗೆ ತಾವಾಗಿ ಒಂದು ಮಾತು ಎತ್ತಿದ್ದು ನಾನು ಕೇಳಿಲ್ಲ. ಕೊನೆಗೆ ವೀಸಾ ಮುಗಿಸಿ ಊರಿಗೆ ಹೋದರು. ನಾನು ಕಳಿಸಿಕೊಡಲು ಬಾಗಿಲಿನ ತನಕವೂ ಹೋಗಲಿಲ್ಲ.

ಹೋದ ತಿಂಗಳು ತೀರಿಕೊಂಡರಂತೆ. ಸುದ್ದಿ ತಂದದ್ದು ನಮ್ಮವರು, ಕಣ್ಣು ಒರೆಸಿಕೊಂಡರು. ನಾನು ಒಳ್ಳೆಯದಾಯ್ತು ಅನ್ನಲಿಲ್ಲ, ಅಯ್ಯೋ ಅಂತಲೂ ಅನ್ನಲಿಲ್ಲ. ಅಷ್ಟು ಚಂದ ಕಥೆ ಹೇಳುವ ಬಾಯಿ ಇನ್ನಿಲ್ಲವಲ್ಲ ಅಂತ ಒಳಗೆ ಸಂಕಟ ಆದದ್ದು ಮಾತ್ರ ನಿಜ. ಅದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ನಿನ್ನೆ ಮಧ್ಯಾಹ್ನ ಫೋನ್ ಬಂತು. ಹುಡುಗಿ. ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಅದು ಇದು ಮಾತಾಡಿದಳು, ನಮ್ಮವರ ಬಿಪಿ ವಿಚಾರಿಸಿದಳು. ಆಮೇಲೆ ಕೇಳಿದಳು, "ಆಂಟಿ, ನಾನು ಹೋದ ಮೇಲೆ ಅಪ್ಪ ನಿಮ್ಮ ಹತ್ರ ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳುವವಳು ನಾನು, ಅದಕ್ಕೇ ಅರ್ಧ ಮಸ್ಕತ್ತಿಗೆ ನನ್ನನ್ನು ಕಂಡರಾಗುವುದಿಲ್ಲ. ಬಾಯಿ ತೆರೆದೆ. ಆ ಮನುಷ್ಯನ ಪರವಾಗಿ ನನ್ನ ನಾಲಿಗೆಯಿಂದ ಸುಳ್ಳು ಬಂತು. "ಹೇಳ್ತಿದ್ರು. ನೀನು ಎತ್ತರ ಬೆಳೆದದ್ದು ಒಳ್ಳೆಯದಾಯ್ತು ಅಂತಿದ್ರು."

"ಸುಳ್ಳು. ಅಪ್ಪ ಹಾಗೆ ಹೇಳೋರಲ್ಲ," ಅಂದಳು. ಆಮೇಲೆ ಮೆಲ್ಲಗೆ, "ಇನ್ನೊಂದ್ಸಲ ಹೇಳಿ ಆಂಟಿ."

ಹೇಳಿದೆ.