ಉಕ್ಕಿನ ಕಾರ್ಖಾನೆಯ ಚರಿತ್ರೆ ಬರೆದದ್ದು

ಶಹಾಬಾದಿನ ಉಕ್ಕಿನ ಕಾರ್ಖಾನೆ ಮೂರನೇ ಮಾಲಕರ ಕೈಗೆ ಬಂದಾಗ ಅದರ ಚರಿತ್ರೆ ಬರೆದುಕೊಡುವ ಕೆಲಸ ನನಗೆ ಸಿಕ್ಕಿತು. ಕುಲುಮೆಯಲ್ಲಿ ದುಡಿದು ನಿವೃತ್ತರಾಗಿದ್ದ ಮಸ್ತಾನ್ ಸಾಬರನ್ನು ಮಾತಾಡಿಸಿದೆ. ಮೊದಲ ಮಾಲಕರ ಕಾಲದಲ್ಲಿ ಕಾದ ಉಕ್ಕು ಸಿಡಿದು ಸಾಬರ ಜೊತೆಗಾರ ಶರಣಪ್ಪ ಸತ್ತಿದ್ದನಂತೆ.

"ಎರಡನೇ ಮಾಲಕರು ಅದು ನಮ್ಮ ಕಾಲದ್ದಲ್ಲ ಅಂದ್ರು. ನೀವಾದ್ರೂ ಅವನ ಹೆಸರು ಬರೀರಿ, ಸರ್," ಎಂದರು. ಬರೆದೆ.

ಹೊಸ ಮ್ಯಾನೇಜರ್ ಆ ಪುಟವನ್ನೇ ಹೊಡೆದುಹಾಕಿದರು. "ನಮ್ಮ ಚರಿತ್ರೆ ನಾವು ಖರೀದಿ ಮಾಡಿದ ದಿನದಿಂದ ಶುರು ಆಗ್ತದ್ರಿ." ನಾನು ಆ ಪುಟ ಬಿಟ್ಟೇ ಅಚ್ಚಿಗೆ ಕೊಟ್ಟೆ.

ಅಚ್ಚಾದ ಪುಸ್ತಕ ಒಯ್ದು ಸಾಬರಿಗೆ ಕೊಟ್ಟೆ. ಕುಲುಮೆಯ ಬೆಂಕಿ ನೋಡಿ ನೋಡಿ ಅವರ ಕಣ್ಣು ಮಂಜಾಗಿತ್ತು.

"ಶರಣಪ್ಪನ ಹೆಸರು ಎಲ್ಲಿ ಅದ, ತೋರಸ್ರಿ."

ಅವರ ಬೆರಳು ಹಿಡಿದು ಹೊಸ ಮಾಲಕರ ಹೆಸರಿನ ಮೇಲಿಟ್ಟೆ.

"ಭಾಳ ದೊಡ್ಡ ಅಕ್ಷರದಾಗ ಹಾಕ್ಸೀರಿ," ಎಂದು ಅವರು ಕೈ ಮುಗಿದರು.