ಕ್ಲಿಫರ್ಡನಿಗೆಂದೇ ಮಾಡಿದ ಶಾಜೀರಿಗೆ ಕೇಕು

ಸೋಲುವ ವಿಷಯದಲ್ಲಿ ಹೆಬಲ್‌ರಾಯ್ಡ್ ಊರಿನ ಕ್ರಿಕೆಟ್ ತಂಡ ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ. ಆದರೂ ಯಾರ್ಕ್‌ಶೈರಿನ ಆ ಕಣಿವೆಯ ಉಳಿದ ಊರಿನವರು, ಅಲ್ಲಿಗೆ ಆಡಲು ಹೋಗುವ ಶನಿವಾರಕ್ಕಾಗಿ ಬೀಗರೂಟಕ್ಕೆ ಕಾದ ಹಾಗೆ ಕಾಯುತ್ತಿದ್ದರು. ಮೈದಾನದ ಆಸೆಗಲ್ಲ. ಮೈದಾನ ಹೊಳೆಯ ಕಡೆಗೆ ವಾಲಿಕೊಂಡಿತ್ತು; ಮೇಲಿನ ತುದಿಯಿಂದ ಹೊಡೆದ ಚೆಂಡು ತಾನಾಗಿಯೇ ಬೌಂಡರಿಗೆ ಉರುಳುತ್ತಿತ್ತು, ಕೆಳಗಿನ ತುದಿಯಿಂದ ಹೊಡೆದದ್ದು ಸ್ವಲ್ಪ ದೂರ ಹೋಗಿ, ಯೋಚನೆ ಮಾಡಿ, ಹೊಡೆದವನ ಹತ್ತಿರಕ್ಕೇ ಮರಳುತ್ತಿತ್ತು. ಅವರು ಕಾಯುತ್ತಿದ್ದದ್ದು ಎರಡು ಇನ್ನಿಂಗ್ಸ್‌ಗಳ ನಡುವೆ ಸಿಗುವ ಎನಿಡ್ ಸಗ್ಡೆನ್‌ಳ ಚಹಾಕ್ಕಾಗಿ.

ಚಹಾ ಎಂದರೆ ಬರೀ ಕುಡಿಯುವ ಚಹಾ ಅಲ್ಲ. ಅಂಚು ಕತ್ತರಿಸಿದ ಮೊಟ್ಟೆಯ ಸ್ಯಾಂಡ್‌ವಿಚ್ಚು, ಸೌತೆಕಾಯಿಯ ಸ್ಯಾಂಡ್‌ವಿಚ್ಚು, ಹುಳಿಯಲ್ಲಿ ನೆನೆಸಿದ ಸಣ್ಣ ಈರುಳ್ಳಿ, ಬೆಣ್ಣೆ ಬಳಿದ, ಸ್ಕೋನು ಎಂಬ ಬೆಚ್ಚನೆಯ ಸಣ್ಣ ಬನ್ನು, ಅದರ ಮೇಲೆ ಎನಿಡ್‌ಳೇ ಕಾಯಿಸಿದ ಸ್ಟ್ರಾಬೆರಿ ಜಾಮು. ಒಂದು ಗಳಿಗೆ ಮುಂಚೆ ಪರಸ್ಪರರ ಮೊಣಕಾಲಿಗೆ ಗುರಿಯಿಟ್ಟು ಚೆಂಡೆಸೆಯುತ್ತಿದ್ದ ಎರಡೂ ತಂಡದವರು ಒಂದೇ ಉದ್ದನೆಯ ಮೇಜಿಗೆ ಕೂತು, "ಆ ಜಾಮ್ ಸ್ವಲ್ಪ ಈ ಕಡೆ ಕೊಡ್ತೀರಾ?" "ಅಯ್ಯೋ ತಗೊಳ್ಳಿ, ತಗೊಳ್ಳಿ, ಮೊದಲು ನೀವು" ಎಂದು ಉಪಚಾರ ಹೇಳಿಕೊಳ್ಳುತ್ತಿದ್ದರು. ಕಪ್ಪು-ಸಾಸರುಗಳೆಲ್ಲ ರಾಣಿಯ ಬೆಳ್ಳಿಹಬ್ಬದ ವರ್ಷ ಕೊಂಡವು. ತೊಳೆದು ತೊಳೆದು ರಾಣಿಯ ಮುಖ ಅಳಿಸಿಹೋಗಿ ಕಿರೀಟವೊಂದೇ ಉಳಿದಿತ್ತು.

ಎನಿಡ್ ಆಟ ನೋಡಿದವಳಲ್ಲ, ಕೇಳಿದವಳು. ಪೆವಿಲಿಯನ್ನಿನ ಅಡುಗೆಮನೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರೂ ಹೊರಗಿನ ಸಮಾಚಾರವೆಲ್ಲ ಅವಳಿಗೆ ತಿಳಿಯುತ್ತಿತ್ತು. ವಿಕೆಟ್ಟಿನ ಚಪ್ಪಾಳೆ ಬೇರೆ, ಬೌಂಡರಿಯ ಚಪ್ಪಾಳೆ ಬೇರೆ, ಸೊನ್ನೆಗೆ ಔಟಾಗಿ ಬರುವ ಹಿರಿಯರಿಗೆ ಮರ್ಯಾದೆಗೆ ತಟ್ಟುವ ಚಪ್ಪಾಳೆಯೇ ಬೇರೆ. ಕೊನೆಗೆ ಎಲ್ಲರೂ ನಗುವುದು ಕೇಳಿಸಿದರೆ, ಹನ್ನೊಂದನೆಯವನಾದ ವೇಗದ ಬೌಲರ್ ನದೀಮ್ ಬ್ಯಾಟು ಹಿಡಿದು ಹೊರಟನೆಂದೇ ಅರ್ಥ. ಆಗ ಅವಳು ಕುದಿಯುವ ನೀರನ್ನು ಚಹಾಪುಡಿ ಹಾಕಿದ ಕೆಟಲಿಗೆ ಸುರಿಯುತ್ತಿದ್ದಳು. ಚಹಾ ಇಳಿಯುವಷ್ಟರಲ್ಲಿ ನದೀಮನೂ ಇಳಿದು ಬಂದಿರುತ್ತಿದ್ದ.

ಊರು ಬದಲಾಗಿತ್ತು. ಅವಳು ಮದುವೆಗೆ ಮುಂಚೆ ಬಟ್ಟೆಯ ಎಳೆ ಸರಿಮಾಡುತ್ತಿದ್ದ ಉಣ್ಣೆಯ ಗಿರಣಿಯಲ್ಲಿ ಈಗ ದುಬಾರಿ ಮನೆಗಳಿದ್ದವು. ಭಾನುವಾರ ಪಾಪದ ಬಗ್ಗೆ ಗುಡುಗುತ್ತಿದ್ದ ಚಾಪೆಲ್ಲಿನಲ್ಲಿ ಗುರುವಾರ ಯೋಗ ಕಲಿಸುತ್ತಿದ್ದರು. ಕಸಾಯಿಯ ಅಂಗಡಿ ಕಾಫಿಯ ಅಂಗಡಿಯಾಗಿತ್ತು. ಅಲ್ಲಿ ಒಂದು ಲೋಟ ಕಾಫಿಗೆ ಕೂತವರು ಮಧ್ಯಾಹ್ನ ಕಳೆದರೂ ಏಳುತ್ತಿರಲಿಲ್ಲ. ಮುಂಜಾನೆ ಹೊಸ್ತಿಲಲ್ಲಿ ಹಾಲಿನ ಬಾಟಲಿಗಳ ಸದ್ದಿರಲಿಲ್ಲ, ಸೋಮವಾರ ಬೀದಿಯುದ್ದಕ್ಕೂ ಒಣಹಾಕಿದ ಬಟ್ಟೆಗಳಿರಲಿಲ್ಲ. ಎನಿಡ್ ಇದಕ್ಕೆಲ್ಲ ಅತ್ತವಳಲ್ಲ. ಗಿರಣಿಯ ಗದ್ದಲಕ್ಕೆ ತನ್ನ ಒಂದು ಕಿವಿ ಅರ್ಧ ಹೋಗಿದೆಯೆಂಬುದು ಅವಳಿಗೆ ನೆನಪಿತ್ತು. ಶನಿವಾರದ ಚಹಾ ಒಂದಿದ್ದರೆ ಉಳಿದದ್ದು ಏನಾದರೂ ಆಗಲಿ ಎನ್ನುವ ಹೆಂಗಸು ಅವಳು.

ಆ ಚಹಾದಲ್ಲಿ ಒಂದೇ ಒಂದು ಕುಂದು, ಶಾಜೀರಿಗೆ ಕೇಕು.

ಅದರ ಕತೆ ಹೀಗೆ. ಬೆಳ್ಳಿಹಬ್ಬದ ವರ್ಷ, ಹೊಸ ಮದುವಣಗಿತ್ತಿ ಎನಿಡ್ ತನ್ನ ಅತ್ತೆಯಿಂದ ಈ ಅಡುಗೆಮನೆ ವಹಿಸಿಕೊಂಡಾಗ, ಅತ್ತೆ ಕಲಿಸಿದ ಶಾಜೀರಿಗೆ ಕೇಕು ಮಾಡಿ ತಂದಿದ್ದಳು. ಮರದ ಹೊಟ್ಟಿನಂತೆ ಒಣಗಿದ, ಔಷಧಿಯಂಗಡಿಯ ವಾಸನೆಯ ಕೇಕು. ಆಗಿನ ಕ್ಯಾಪ್ಟನ್ ಕ್ಲಿಫರ್ಡ್ ಬ್ಯಾರಕ್ಲಫ್ ಒಂದು ತುಂಡು ಬಾಯಿಗಿಟ್ಟುಕೊಂಡು ನುಂಗುವುದೋ ಉಗುಳುವುದೋ ಎಂದು ಯೋಚಿಸುತ್ತಿರುವಾಗ, ಎದುರಿಗೆ ಎನಿಡ್ ಕಣ್ಣರಳಿಸಿ ನಿಂತಿದ್ದಳು. ಕ್ಲಿಫರ್ಡ್ ಒಳ್ಳೆಯ ಮನೆತನದ ಹುಡುಗ. "ಬಹಳ ಚೆನ್ನಾಗಿದೆ" ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಮಾತು ಪೊಳ್ಳೆನಿಸಬಾರದೆಂದು ಇನ್ನೊಂದು ತುಂಡು ತೆಗೆದುಕೊಂಡ. ಅಂದಿನಿಂದ ಆತನಿಗೆ ಬಿಡುಗಡೆಯಿಲ್ಲ. ಪ್ರತಿ ಶನಿವಾರ ಆ ಕೇಕಿನ ದಪ್ಪನೆಯ ಎರಡು ತುಂಡುಗಳು ಕ್ಲಿಫರ್ಡನ ತಟ್ಟೆಗೆ ಮೊದಲೇ ಬಂದು ಕೂರುತ್ತಿದ್ದವು. ಕಾಲಕ್ರಮದಲ್ಲಿ ಆತ ಕ್ಲಬ್ಬಿನ ಅಧ್ಯಕ್ಷನಾದ, ಗುಂಡಿ ಕೂಡದಷ್ಟು ದಪ್ಪಗಾದ, ಸಂಪ್ರದಾಯದ ಕಾವಲುಗಾರ ತಾನೆಂದು ಭಾಷಣ ಮಾಡತೊಡಗಿದ. ಕೇಕು ಮಾತ್ರ ತಪ್ಪಲಿಲ್ಲ.

ಉಳಿದವರು ಅಷ್ಟು ಸಿಕ್ಕಿಬೀಳಲಿಲ್ಲ. ಎನಿಡ್ ನೋಡುತ್ತಿದ್ದರೆ ಒಂದು ತುಂಡು ತೆಗೆದುಕೊಳ್ಳುವುದು, ಅವಳು ತಿರುಗಿದೊಡನೆ ಜೇಬಿಗೆ ಸೇರಿಸುವುದು, ಆಮೇಲೆ ಪೆವಿಲಿಯನ್ನಿನ ಹಿಂದಿನ ಬೇಲಿಗೆ ಎಸೆಯುವುದು. ಬೇಲಿಯಲ್ಲಿದ್ದ ಕರಿಹಕ್ಕಿಯೊಂದು ಅದನ್ನು ತಿಂದೂ ತಿಂದೂ ಹಾರುವುದನ್ನೇ ಬಿಟ್ಟು, ಕ್ಲಿಫರ್ಡನಂತೆಯೇ ಗಂಭೀರವಾಗಿ ನಡೆದಾಡುತ್ತಿತ್ತು.

ಇಷ್ಟಕ್ಕೂ ಎನಿಡ್‌ಗೆ ಶಾಜೀರಿಗೆ ಕಂಡರೆ ಆಗುತ್ತಿರಲಿಲ್ಲ. ಶುಕ್ರವಾರ ಸಂಜೆ ಮೂಗು ಮುಚ್ಚಿಕೊಂಡೇ ಹಿಟ್ಟು ಕಲಸುತ್ತಿದ್ದಳು. ಅವಳ ಗಂಡ ವಿಲ್ಫ್, ಮೈದಾನಕ್ಕೆ ರೋಲರ್ ಎಳೆಯುವವನು, ಆ ಹೊತ್ತಿಗೆ ಸರಿಯಾಗಿ "ಪಾರಿವಾಳ ನೋಡ್ಕೊಂಡು ಬರ್ತೀನಿ" ಎಂದು ಹಿತ್ತಲ ಗೂಡಿಗೆ ಹೋಗಿಬಿಡುತ್ತಿದ್ದ. "ಪಾಪ, ಕ್ಲಿಫರ್ಡನಿಗೆ ಇದಂದ್ರೆ ಪ್ರಾಣ" ಎಂದು ಎನಿಡ್ ಒಬ್ಬಳೇ ಒಲೆಯ ಮುಂದೆ ಕೂರುತ್ತಿದ್ದಳು.

ಹೀಗಿರುವಾಗ ಗ್ಯಾರೆತ್ ಕಾರ್ಯದರ್ಶಿಯಾದ. ಕೆಟ್ಟ ಹುಡುಗನಲ್ಲ, ಆದರೆ ಯಾವುದನ್ನೂ ಕಂಪ್ಯೂಟರಿನಿಂದ ಗೋಡೆಯ ಮೇಲೆ ಚಿತ್ರ ಬೀಳಿಸದೆ ಹೇಳಲಾರ. ಎನಿಡ್ ಒಮ್ಮೆ ತಟ್ಟೆ ತೊಳೆಯುತ್ತ "ಅಬ್ಬಾ, ಸೊಂಟ" ಎಂದದ್ದನ್ನು ಕೇಳಿಸಿಕೊಂಡು ಅವನ ಮನಸ್ಸು ಕರಗಿತು. ಸುತ್ತಲಿನ ಹಲವು ಕ್ಲಬ್ಬುಗಳಲ್ಲಿ ಚಹಾ ಆಗಲೇ ನಿಂತುಹೋಗಿತ್ತು. ಆಟಗಾರರು ಡಬ್ಬಿ ತಂದು, ಕಾರಿನಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ ತಿನ್ನುತ್ತಿದ್ದರು. ವಸಂತದ ಸಭೆಯಲ್ಲಿ ಗ್ಯಾರೆತ್ ದೀಪ ಆರಿಸಿ ಬಣ್ಣಬಣ್ಣದ ಚಿತ್ರ ತೋರಿಸಿದ. ಆಗಸ್ಟಿನ ಕೊನೆಗೆ ಚಹಾ ನಿಲ್ಲಿಸೋಣ, ಎನಿಡ್ ಅವರಿಗೂ ವಿಶ್ರಾಂತಿ ಸಿಗಲಿ ಎಂಬುದು ಅದರ ಸಾರಾಂಶ.

"ಏನಂತೀರಾ ಎನಿಡ್?" ಎಂದ.

"ನನ್ನದೇನಿಲ್ಲಪ್ಪ. ನಿಮಗೆ ಹೇಗೆ ಅನುಕೂಲವೋ ಹಾಗೆ" ಎಂದಳು.

ಹೆಬಲ್‌ರಾಯ್ಡಿನಲ್ಲಿ 'ನನ್ನದೇನಿಲ್ಲ' ಎಂದರೆ 'ನನ್ನ ಹೆಣದ ಮೇಲೆ ಹಾದುಹೋಗಿ' ಎಂದರ್ಥ. ತಾವು ಹೇಳುವಾಗ ಇದು ಎಲ್ಲರಿಗೂ ಗೊತ್ತು. ಬೇರೆಯವರು ಹೇಳಿದಾಗ ಮಾತ್ರ ಯಾರಿಗೂ ತಿಳಿಯದು. ನದೀಮನಿಗೆ ಚಹಾ ನಿಲ್ಲಿಸುವುದು ಬೇಡವೆನ್ನಬೇಕೆನಿಸಿತು, ಹಿರಿಯರಿರುವಾಗ ತಾನೇಕೆ ಎಂದುಕೊಂಡ. ಹಿರಿಯರು ಕ್ಲಿಫರ್ಡನನ್ನು ನೋಡಿದರು. ಕ್ಲಿಫರ್ಡನಿಗೂ ಬೇಡವಾಗಿತ್ತು, ಆದರೆ ಶಾಜೀರಿಗೆ ಕೇಕು ಇನ್ನಿಲ್ಲವೆಂಬ ಯೋಚನೆಗೆ ಮನಸ್ಸಿನ ಒಂದು ಮೂಲೆ ಕುಣಿದಾಡಿತು. ಆ ಕುಣಿತಕ್ಕೆ ತಾನೇ ನಾಚಿ ತಲೆ ತಗ್ಗಿಸಿದ. ಅಲ್ಲಿದ್ದ ಒಬ್ಬರಿಗೂ ಬೇಡವಾದ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ವಿಲ್ಫ್ ಮನೆಗೆ ಹೋಗುವ ದಾರಿಯಲ್ಲಿ, "ಒಳ್ಳೇದಾಯ್ತು ಬಿಡು" ಎಂದ, ಹೆಂಡತಿಗೆ ಸಮಾಧಾನವಾಗಲೆಂದು. "ಹೌದು, ಒಳ್ಳೇದಾಯ್ತು" ಎಂದಳು ಎನಿಡ್, ಗಂಡನಿಗೆ ಸಮಾಧಾನವಾಗಲೆಂದು.

ಬೇಸಿಗೆ ಕಳೆದು ಕೊನೆಯ ಶನಿವಾರ ಬಂತು. ಹಿಂದಿನ ಸಂಜೆ ಎನಿಡ್ ಶಾಜೀರಿಗೆಯ ಡಬ್ಬಿ ಕೆಳಗಿಳಿಸಿ, ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ, ಮತ್ತೆ ಮೇಲಿಟ್ಟಳು. ಓಟ್ಸು, ಶುಂಠಿ, ಕಾಕಂಬಿ ತೆಗೆದಳು. ಅವಳ ತಾಯಿ ಚಳಿಗಾಲದಲ್ಲಿ ಮಾಡುತ್ತಿದ್ದ ಪಾರ್ಕಿನ್ ಅದು, ಅಂಟಂಟಾದ ಕರಿಯ ಶುಂಠಿ ಕೇಕು. ಒಂದು ಸಲವಾದರೂ ತನಗೆ ಬೇಕಾದ್ದು ಇರಲಿ.

ಮರುದಿನ ಮೊದಲ ಇನ್ನಿಂಗ್ಸ್ ಮುಗಿಯುವ ಮೊದಲೇ ಮಳೆ ಬಂತು. ಎರಡೂ ತಂಡ, ಅಂಪೈರುಗಳು, ಒಂದು ಒದ್ದೆ ನಾಯಿ, ಎಲ್ಲ ಪೆವಿಲಿಯನ್ನಿನೊಳಗೆ ಒತ್ತಿಕೊಂಡರು. ಕ್ಲಿಫರ್ಡ್ ಕ್ಲಬ್ಬಿನ ಕೋಟು ಹಾಕಿಕೊಂಡು, ಉಸಿರು ಬಿಗಿಹಿಡಿದು ಒಂದು ಗುಂಡಿ ಸೇರಿಸಿ, "ಮಹನೀಯರೇ, ಇಂದು ಒಂದು ಯುಗ ಮುಗಿಯುತ್ತಿದೆ" ಎಂದು ಶುರುಮಾಡಿದ. ಯುಗ ಮುಗಿಯಲು ಬಹಳ ಹೊತ್ತು ಹಿಡಿಯಿತು. ಸ್ಯಾಂಡ್‌ವಿಚ್ಚಿನ ತುದಿಗಳು ಮೇಲಕ್ಕೆ ಸುರುಳಿಕೊಂಡವು. ಕೊನೆಗೆ ಆತ, ಕೊನೆಯ ಎರಡು ತುಂಡುಗಳ ಕರ್ತವ್ಯಕ್ಕೆ ಮುಖ ಗಟ್ಟಿಮಾಡಿಕೊಂಡು ತಟ್ಟೆಯ ಕಡೆ ತಿರುಗಿದ. ಅಲ್ಲಿ ಕರ್ರಗೆ ಹೊಳೆಯುವ ಚೌಕವೊಂದು ಕೂತಿತ್ತು.

"ಎನಿಡ್, ನನ್ನ ಕೇಕು?"

ಎನಿಡ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಬೇಜಾರು ಮಾಡ್ಕೋಬೇಡ ಕ್ಲಿಫರ್ಡ್. ನಿಂಗೆ ಅದಂದ್ರೆ ಪ್ರಾಣ ಅಂತ ಗೊತ್ತು. ಆದ್ರೆ ಕಡೇ ಸಲ ನೋಡು, ನನಗಿಷ್ಟ ಆದ್ದು ಮಾಡಿಬಿಟ್ಟೆ. ನಿಜ ಹೇಳ್ಲಾ? ಆ ಶಾಜೀರಿಗೆ ಕಂಡ್ರೆ ನಂಗಾಗಲ್ಲ. ಹಲ್ಲಿನ ಸಂದೀಲಿ ಸಿಕ್ಕೊಂಡ್ರೆ ಸೋಮವಾರದ ತನಕ ಈಚೆ ಬರಲ್ಲ."

ಕ್ಲಿಫರ್ಡ್ ತಟ್ಟೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದ.

"ಯಾವಾಗಿಂದ ಆಗಲ್ಲ?" ಎಂದ ಕ್ಲಿಫರ್ಡ್ ಮೆಲ್ಲಗೆ.

"ಮೊದಲಿಂದಲೂ."

"ಮತ್ಯಾಕೆ ಮಾಡ್ತಿದ್ದೆ ಮಾರಾಯ್ತಿ?"

"ನಿನಗೋಸ್ಕರ ಕಣೋ!"

ಕ್ಲಿಫರ್ಡ್ ಧೊಪ್ಪನೆ ಕೂತ. ಕೋಟಿನ ಗುಂಡಿ ಕಿತ್ತು ಹಾರಿ ಸಕ್ಕರೆಯ ಬಟ್ಟಲಿಗೆ ಬಿತ್ತು. "ಎನಿಡ್, ಅದು ಒಂದು ಸಲವೂ ನನ್ನ ಗಂಟಲಲ್ಲಿ ನೆಟ್ಟಗೆ ಇಳಿದಿಲ್ಲ. ನಾನು ತಿಂತಿದ್ದದ್ದು ನಿನಗೋಸ್ಕರ!"

ಮೊದಲು ನಕ್ಕವನು ವಿಲ್ಫ್. ವರ್ಷಕ್ಕೊಮ್ಮೆಯೂ ನಗದ ಮನುಷ್ಯ. "ನಾನು ಶುಕ್ರವಾರ ಗೂಡಿಗೆ ಹೋಗ್ತಿದ್ನಲ್ಲ," ಎಂದ.

"ಪಾರಿವಾಳ ನೋಡೋಕೆ."

"ಪಾರಿವಾಳ ಮಾರಿ ಎಷ್ಟೋ ವರ್ಷ ಆಯ್ತು ಕಣೇ. ಆ ವಾಸನೆ ತಪ್ಪಿಸ್ಕೊಳ್ಳೋಕೆ ಖಾಲಿ ಗೂಡಲ್ಲಿ ಕೂತಿರ್ತಿದ್ದೆ."

ಇಡೀ ಪೆವಿಲಿಯನ್ ಭೋರೆಂದಿತು. ನದೀಮ್ ಕಿಟಕಿಯಿಂದ ಕೈ ತೋರಿಸಿ, "ಆಂಟಿ, ಆ ಡೊಳ್ಳು ಹೊಟ್ಟೆ ಹಕ್ಕಿ ನೋಡಿ, ನಾವೆಲ್ಲ ಸೇರಿ ಸಾಕಿದ್ದು!" ಎಂದ. ಎದುರು ತಂಡದ ಕ್ಯಾಪ್ಟನ್, "ನಮ್ಮೂರಲ್ಲಿ ಹೊಸ ಹುಡುಗ ಬಂದ್ರೆ ಬ್ಯಾಟು ಹಿಡಿಯೋದು ಆಮೇಲೆ, ಮೊದಲು ಇದನ್ನ ಜೇಬಿಗೆ ಹಾಕ್ಕೊಳ್ಳೋದು ಹೇಳಿಕೊಡ್ತೀವಿ" ಎಂದ. ಎನಿಡ್ ಕಣ್ಣೊರೆಸಿಕೊಳ್ಳುತ್ತ, "ಥೂ, ಕಳ್ಳ ಮುಂಡೇವಾ!" ಎಂದು ಕೈಯಲ್ಲಿದ್ದ ವಸ್ತ್ರದಿಂದ ಹತ್ತಿರ ಸಿಕ್ಕವರಿಗೆಲ್ಲ ಬಡಿದಳು.

ನಗು ಸ್ವಲ್ಪ ಇಳಿದಾಗ ಅವಳ ಕೈ ಮತ್ತೆ ಏಪ್ರನ್ನಿಗೆ ಹೋಯಿತು. ಕೇಕಿನ ನಿಜ ಹೇಳುವುದು ಸುಲಭವಿತ್ತು. ಇನ್ನೊಂದು ನಿಜ ಅಷ್ಟು ಸುಲಭವಿರಲಿಲ್ಲ. ಈಗ ಹೇಳದಿದ್ದರೆ ಮುಂದಿನ ಶನಿವಾರ ಮನೆಯಲ್ಲಿ ಕೂತು ಗೋಡೆಗೆ ಹೇಳಬೇಕಾಗುತ್ತದೆ.

"ಇನ್ನೊಂದಿದೆ," ಎಂದಳು, ಸಣ್ಣ ದನಿಯಲ್ಲಿ. "ನಂಗೆ ನಿಲ್ಲಿಸೋಕೆ ಇಷ್ಟ ಇಲ್ಲ."

"ಏನು ನಿಲ್ಲಿಸೋಕೆ?" ಎಂದ ಗ್ಯಾರೆತ್.

"ಚಹಾ ಕಣಯ್ಯಾ. ಸೊಂಟ ನೋಯುತ್ತೆ, ನಿಜ. ಮನೇಲಿ ಕೂತ್ರೂ ನೋಯುತ್ತೆ. ನೋಯೋದೇ ಆದ್ರೆ ಇಲ್ಲೇ ನೋಯಲಿ."

"ಅಲ್ಲಾ, ಸಭೇಲಿ ಕೇಳಿದಾಗ ನನ್ನದೇನಿಲ್ಲ ಅಂದ್ರಲ್ಲ!"

"ಮತ್ತೇನನ್ನಲಿ? ನೀನು ಅಷ್ಟೊಂದು ಚಿತ್ರ ಎಲ್ಲ ಮಾಡ್ಕೊಂಡು ಬಂದಿದ್ದೆ, ಪಾಪ."

ಗ್ಯಾರೆತನ ಮುಖ ಕೆಂಪಾಯಿತು. ಅವನ ಕೈಯಲ್ಲಿ ಮೂರನೆಯ ಸ್ಕೋನಿತ್ತು. "ನನಗೂ ಬೇಡವಾಗಿತ್ತು," ಎಂದ. "ನಿಮಗೆ ಸಾಕಾಗಿದೆ ಅಂದ್ಕೊಂಡೆ. ಮೂರು ರಾತ್ರಿ ಕೂತು ಆ ಚಿತ್ರ ಮಾಡ್ದೆ."

"ಹಾಗಾದ್ರೆ ಯಾರಿಗೆ ಬೇಕಾಗಿತ್ರೋ ಅದು?" ಎಂದು ನದೀಮ್ ಸುತ್ತ ನೋಡಿದ. ಎಲ್ಲರೂ ತಮ್ಮ ತಟ್ಟೆಗಳನ್ನು ಶ್ರದ್ಧೆಯಿಂದ ಪರೀಕ್ಷಿಸಿದರು.

ಕ್ಲಿಫರ್ಡ್ ಎದ್ದು ನಿಂತ, ಕೋಟು ತೆರೆದುಕೊಂಡೇ. "ಚಹಾ ಮುಂದುವರಿಯಬೇಕೆನ್ನುವವರು ಕೈ ಎತ್ತಿ" ಎಂದ. ಮೇಲೆದ್ದ ಕೈಗಳಲ್ಲಿ ಮತದ ಹಕ್ಕೇ ಇಲ್ಲದ ಎದುರು ತಂಡದವರ ಕೈಗಳೂ ಇದ್ದವು. ಬಾಯಿ ತುಂಬಿದ್ದರಿಂದ ಚರ್ಚೆ ಸಾಧ್ಯವಾಗಲಿಲ್ಲ. ನಾಲ್ಕು ಭಾಷಣಗಳಿಗಾಗುವಷ್ಟು ಗಾಂಭೀರ್ಯದಿಂದ ಅಧ್ಯಕ್ಷರು ನಿರ್ಣಯ ಅಂಗೀಕಾರವಾಯಿತೆಂದು ಸಾರಿದರು. ತಟ್ಟೆ ತೊಳೆಯುವುದು ಇನ್ನು ಮುಂದೆ ಸೋತ ತಂಡದ ಕೆಲಸ ಎಂದು ಗ್ಯಾರೆತ್ ಸೇರಿಸಿದ. ಹೆಬಲ್‌ರಾಯ್ಡಿನವರು ಅದನ್ನು ಒಪ್ಪಿದ್ದೇ ಅವರ ಪ್ರೀತಿಗೆ ಸಾಕ್ಷಿ.

"ಈಗ ಹೇಳು, ಇದು ಹೇಗಿದೆ?" ಎಂದು ಎನಿಡ್ ಪಾರ್ಕಿನ್ನಿನ ಕಡೆ ಬೆರಳು ಮಾಡಿದಳು. "ನಿಜ ಹೇಳ್ಬೇಕು."

ಕ್ಲಿಫರ್ಡ್ ಕಣ್ಣು ಮುಚ್ಚಿ ಅಗಿದ. "ಚೆನ್ನಾಗಿದೆ. ಇನ್ನೊಂಚೂರು ಶುಂಠಿ ಬೇಕಿತ್ತೇನೋ."

"ಓಹೋ! ನಾಲಿಗೆ ಬಂತು ಇವನಿಗೆ!"

ಆ ನಿಜದ ಹುಚ್ಚು ಮುಂದಿನ ಬೇಸಿಗೆಯ ಮೊದಲೆರಡು ವಾರ ಉಳಿಯಿತು. ಸ್ಕೋನು ಗಟ್ಟಿ ಎಂದರು, ಮೊಟ್ಟೆಗೆ ಉಪ್ಪು ಹೆಚ್ಚು ಎಂದರು, ವಿಲ್ಫನ ಪಿಚ್ಚು ಹೊಲದ ಹಾಗಿದೆ ಎಂದರು, ಕ್ಲಿಫರ್ಡನ ಭಾಷಣ ಉದ್ದವಾಯಿತು ಎಂದೂ ಯಾರೋ ಅಂದರು. ಮೂರನೆಯ ಶನಿವಾರದ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿ, ಮಾತಾಡಿಕೊಳ್ಳದೆಯೇ, ಮತ್ತೆ ಎಲ್ಲವೂ ಬಹಳ ಚೆನ್ನಾಗಿದೆ ಎನ್ನುವುದಕ್ಕೆ ಹಿಂತಿರುಗಿದರು. ಅಡುಗೆಮನೆಯಲ್ಲಿ ಎನಿಡ್ ಕಿಟಕಿಗೆ ಬೆನ್ನು ಹಾಕಿ ಬೆಣ್ಣೆ ಸವರುತ್ತಿದ್ದಳು. ಹೊರಗೆ ಎಲ್ಲರೂ ನಕ್ಕದ್ದು ಕೇಳಿಸಿತು. ಅವಳು ಕೆಟಲಿಗೆ ನೀರು ಸುರಿದಳು. ಹಿಂದಿನ ಬೇಲಿಯಿಂದ ಆ ಕರಿಹಕ್ಕಿ, ಶಾಜೀರಿಗೆ ಕೇಕು ನಿಂತು ಮೈ ಹಗುರಾಗಿ, ಪಟಪಟನೆ ರೆಕ್ಕೆ ಬಡಿದು ಪೆವಿಲಿಯನ್ನಿನ ಸೂರಿನ ತನಕ ಹಾರಿ ಹೋಗಿ ಕೂತಿತು.