ಯಮನೂರಪ್ಪನ ಗೂಟ

ಹುಲಿಗಿಯಿಂದ ಕೆಳಗೆ, ಹೊಳೆಗೆ ಹತ್ತಿಕೊಂಡೇ ಇರುವ ಊರಿಗೆ ಯಮನೂರಪ್ಪ ವಾಲೀಕಾರ. ಡಂಗುರ ಹೊಡೆಯುವುದು, ನೋಟಿಸು ಮುಟ್ಟಿಸುವುದು ಅವನ ಕೆಲಸ. ಮಳೆಗಾಲದಲ್ಲಿ ಯಾರೂ ಹೇಳದ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಗೇಣು ಗೇಣಿಗೆ ಕಚ್ಚು ಹಾಕಿದ ಜಾಲಿ ಗೂಟವನ್ನು ನೀರಿನ ಅಂಚಿಗೆ ನೆಟ್ಟು, ಬೀಡಿ ಸೇದುತ್ತ ಕಾಯುತ್ತಿದ್ದ. ಎರಡು ಕಚ್ಚು ಮುಳುಗಿದರೆ ಹೊಳೆ ನಡುವಿನ ಗಡ್ಡಿಯಲ್ಲಿ ಕುರಿ ಮೇಯಿಸುವವರನ್ನು ಹರಿಗೋಲಿನಲ್ಲಿ ಕರೆತರುತ್ತಿದ್ದ.

ನಾನು ವಾಣಿಶ್ರೀ, ಆ ಊರಿನ ಗ್ರಾಮ ಆಡಳಿತಾಧಿಕಾರಿ. ಓದಿದವಳೆಂಬ ಜಂಬ ನನಗೇನೂ ಕಡಿಮೆ ಇರಲಿಲ್ಲ. ಸಣ್ಣ ಸಣ್ಣ ಉಪಗ್ರಹಗಳು ದಿನಾ ತೆಗೆಯುವ ಹೊಳೆಯ ಚಿತ್ರ ನಮ್ಮ ಮೊಬೈಲಿಗೇ ಬರತೊಡಗಿದ ಮೇಲೆ ಅವನ ಗೂಟ ಕಂಡರೆ ನಗು ಬರುತ್ತಿತ್ತು. ನನ್ನ ಅಪ್ಪಣೆಯಿಲ್ಲದೆ ಹರಿಗೋಲು ಬಿಡಬಾರದೆಂದು ತಾಕೀತನ್ನೂ ಮಾಡಿದ್ದೆ.

ಹೋದ ವರ್ಷ ಆಗಸ್ಟಿನ ಒಂದು ದಿನ. ಮಳೆಯೆಲ್ಲ ಮೇಲಿನ ಸೀಮೆಯಲ್ಲಿ, ನಮ್ಮಲ್ಲಿ ಬಿಸಿಲು. ಸಂಜೆ ನಾಲ್ಕಕ್ಕೆ ಅವನು ಕಚೇರಿಗೆ ಓಡಿಬಂದ.

"ಮೇಡಮ್ಮಾರ, ಎರಡನೇ ಕಚ್ಚು ಮುಳುಗೈತ್ರಿ. ಗಡ್ಡಿಮ್ಯಾಗ ನನ್ನ ಮಗ ದುರಗೇಶ ಅದಾನ್ರಿ. ಹರಿಗೋಲು ಬಿಡ್ಲೇನ್ರಿ?"

ಆಗಷ್ಟೇ ಚಿತ್ರ ಬಂದಿತ್ತು. ಅದರಲ್ಲಿ ಗಡ್ಡಿ ಪೂರ್ತಿ ನೀರಿನ ಮೇಲೇ ಇತ್ತು.

"ಮ್ಯಾಲಿಂದ ನೋಡಿ ಕಳಿಸ್ಯಾರ, ಯಮನೂರಪ್ಪ. ಗಡ್ಡಿಗೇನೂ ಆಗಿಲ್ಲ. ಸುಮ್ನ ಹೊಳಿಗೆ ಇಳೀಬ್ಯಾಡ," ಎಂದೆ.

ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ನಂಬಿ ಹೋದ.

ಆರು ಗಂಟೆಗೆ ಗಡ್ಡಿ ಕಾಣಲಿಲ್ಲ. ಹರಿಗೋಲು ಇಳಿಸುವಂಥ ಹೊಳೆಯೂ ಅದಾಗಿರಲಿಲ್ಲ. ದುರಗೇಶನ ಹೆಣ ಮೂರನೆಯ ದಿನ ಸಿಕ್ಕಿತು.

ಆಮೇಲೆ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹೊತ್ತು ಬರೆದಿತ್ತು. ನನಗೆ ಮುಟ್ಟಿದ್ದು ನಾಲ್ಕಕ್ಕೆ, ತೆಗೆದದ್ದು ಬೆಳಿಗ್ಗೆ ಹತ್ತಕ್ಕೆ.

ಕಾಲು ಹಿಡಿಯಬೇಕೆಂದು ಅವನ ಮನೆಗೆ ಹೋದವಳು ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

"ಹತ್ತಕ್ಕ ಗಡ್ಡಿ ಹಂಗ ಇತ್ರಿ, ಮೇಡಮ್ಮಾರ. ಫೋಟೋ ಸುಳ್ಳು ಹೇಳಿಲ್ರಿ."

ನನ್ನ ಬಗ್ಗೆ ಏನೂ ಹೇಳಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈ ಮಳೆಗಾಲಕ್ಕೂ ಗೂಟ ನೆಟ್ಟಿದ್ದಾನೆ. ಚಿತ್ರ ಬಂದ ಕೂಡಲೇ ನಾನೇ ದಂಡೆಗೆ ಹೋಗಿ ಹೊತ್ತು ನೋಡಿ, ಗೂಟದ ಜೊತೆ ತಾಳೆ ಹಾಕುತ್ತೇನೆ. ಹರಿಗೋಲಿಗೆ ಇನ್ನು ಯಾರ ಅಪ್ಪಣೆಯೂ ಬೇಡವೆಂದು ಎಷ್ಟೋ ಸಲ ಹೇಳಿದ್ದೇನೆ. ಆದರೂ ನೀರು ಏರಿದಾಗಲೆಲ್ಲ ಹುಟ್ಟು ಹಿಡಿದು ನನ್ನ ಮುಂದೆ ನಿಲ್ಲುತ್ತಾನೆ.

"ಬಿಡ್ಲೇನ್ರಿ, ಮೇಡಮ್ಮಾರ?"